ದೊರೆಯ ಹಸಿವು

ಪರದೆ ಹೊಲಿಯುವ ಅಕ್ಕನ ಮನೆಯ ನಾಯಿಗೆ ದೊರೆ ಎಂದು ಹೆಸರಿಟ್ಟವನು ಅವಳ ಗಂಡ. ಹೆಸರಿಗೆ ತಕ್ಕ ಗತ್ತು. ಗಂಡ ಬಸ್ ಓಡಿಸಿ ಮನೆಗೆ ಬಂದರೆ ಬಾಲ ಕಿತ್ತುಹೋಗುವಂತೆ ಅಲ್ಲಾಡಿಸುತ್ತಿದ್ದ ಈ ಮಹಾರಾಯ, ಊಟ ಹಾಕುವ ಅಕ್ಕನನ್ನು ಮಾತ್ರ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಅಷ್ಟೇ. ಸಂಜೆಯಾದರೆ ಬಾಗಿಲ ಬಳಿ ಅವನ ಚಪ್ಪಲಿಯ ಪಕ್ಕ ಹೋಗಿ ಮಲಗುತ್ತಿದ್ದ. ಅಕ್ಕ ಒಳಗೆ ಒಬ್ಬಳೇ ಉಣ್ಣುತ್ತಿದ್ದಳು.

ಆಮೇಲೆ ದೊರೆಗೆ ಮೈತುರಿಕೆ ಹತ್ತಿತು. ಕೆರೆದು ಕೆರೆದು ಚರ್ಮ ಹುಣ್ಣಾಯಿತು. ಪಶುವೈದ್ಯೆ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಕೊಟ್ಟರೆ ತುರಿಕೆ ತಗ್ಗುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ಹಾಗಾಗಿ ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಜೊತೆಗೆ ಒಂದು ಪವಾಡವೂ ನಡೆಯಿತು. ದೊರೆ ಅಡುಗೆಮನೆಗೆ ಬಂದ. ಅಕ್ಕ ತಟ್ಟೆ ಹಿಡಿದು ಕೂತರೆ ಅವಳ ಮಂಡಿಯ ಮೇಲೆ ಗದ್ದ ಊರಿ ಮುಖವನ್ನೇ ನೋಡಿದ. ಅಂತೂ ಇಂತೂ ನಾನೂ ಇವನ ಕಣ್ಣಿಗೆ ಬಿದ್ದೆನಲ್ಲ ಎಂದು ಅಕ್ಕ ಹಿರಿಹಿರಿ ಹಿಗ್ಗಿದಳು.

ಆದರೆ ಬಟ್ಟೆ ಅಳೆಯುವ ಕಣ್ಣಿಗೆ ಮೈಯ ಅಳತೆ ತಪ್ಪಿದ್ದು ಕಾಣದಿರುತ್ತದೆಯೇ? ಹೊಟ್ಟೆ ಗಡಿಗೆಯಂತೆ ಜೋತುಬಿತ್ತು, ತೊಡೆ ಬಡಕಲಾಯಿತು, ಬೆನ್ನ ಕೂದಲು ಉದುರಿತು. ದೊರೆ ಬೋಗುಣಿಗಟ್ಟಲೆ ನೀರು ಕುಡಿದು, ಹೊಲಿದಿಟ್ಟ ಪರದೆಯ ಮೇಲೇ ಉಚ್ಚೆ ಹೊಯ್ದ. ಮೆಟ್ಟಿಲು ಹತ್ತಿದರೆ ಏದುಸಿರು.

ಎಲ್ಲ ಮಾತ್ರೆಯದೇ ಕಿತಾಪತಿ, ಹಸಿವೂ ಅದರದೇ ಎಂದರು ವೈದ್ಯೆ. ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸೋಣ, ತುರಿಕೆಗೆ ಬೇರೆ ಔಷಧಿ ಕೊಡುತ್ತೇನೆ ಎಂದೂ ಹೇಳಿದರು.

"ನನ್ನ ಬಿಟ್ಟು ಕದಲಲ್ಲ ಮೇಡಂ. ಅದೂ ಮಾತ್ರೆನಾ?"

"ಹಸಿವಿಗೆ ಇರಬಹುದಕ್ಕಾ," ಎಂದರು ವೈದ್ಯೆ, ಮೆತ್ತಗೆ.

ಮನೆಗೆ ಬಂದ ಅಕ್ಕ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಇಡೀ ಮಾತ್ರೆ ಕೊಟ್ಟರೆ ಆ ನೋಟ ಉಳಿಯುತ್ತದೆ, ದೊರೆ ಉಳಿಯುವುದಿಲ್ಲ. ಕೊನೆಗೆ ವೈದ್ಯೆ ಹೇಳಿದಂತೆ, ಕತ್ತರಿ ತಂದು ಮಾತ್ರೆಯನ್ನು ಅರ್ಧ ಮಾಡಿದಳು.

ವಾರಗಳು ಕಳೆದಂತೆ ಹೊಟ್ಟೆ ಇಳಿಯಿತು, ಬೆನ್ನ ಮೇಲೆ ಹೊಸ ಕೂದಲು ಚಿಗುರಿತು. ಅಡುಗೆಮನೆಯ ಭೇಟಿಯೂ ನಿಂತಿತು. ಒಂದು ಸಂಜೆ ಅಕ್ಕ ತಟ್ಟೆ ಬಡಿದು ಕರೆದರೂ, ದೊರೆ ಕಿವಿಯನ್ನಷ್ಟೇ ಆಡಿಸಿ ಚಪ್ಪಲಿಯ ಪಕ್ಕ ಮಲಗೇ ಇದ್ದ. ಅವಳಿಗೆ ಅಳು ಬಂತು. ಮಂಡಿಯ ಮೇಲೆ ಆ ಗದ್ದದ ಭಾರ ಬೇಕೆನಿಸಿತು. ಆ ಚಪ್ಪಲಿ ಮೆಟ್ಟಿ ಬರುತ್ತಿದ್ದವನು ಬೇಕೆನಿಸಿತು.

ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲ ಬಳಿ ನೆಲಕ್ಕೆ ಕೂತಳು.

"ಸ್ವಲ್ಪ ಆಕಡೆ ಸರಿಯೋ ಮಾರಾಯ. ನಾನೂ ಕಾಯ್ತೀನಿ."

ದೊರೆ ಅವಳತ್ತ ನೋಡಲಿಲ್ಲ. ಒಂದು ಗೇಣು ಸರಿದು ಜಾಗ ಬಿಟ್ಟ.