ಬೂದಿಯಲ್ಲಿ ತೊಳೆದ ಲೋಟಗಳು

ಗಣಿಯ ಕಲ್ಲಿನಿಂದ ನೀರು ಹುಳಿಯಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಪಾಠವನ್ನು ಮೊಮ್ಮಗಳು ನಿನ್ನೆ ಜೋರಾಗಿ ಓದುತ್ತಿದ್ದಳು. ಕೇಳುತ್ತಾ ಕೇಳುತ್ತಾ ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. “ಇದನ್ನ ನಾನು ಮಾಡೀನಿ ಕಣೇ” ಎಂದೆ. “ಅಜ್ಜಿ, ನೀನು ಓದಿದ್ದು ಮೂರನೇ ಕ್ಲಾಸು” ಎಂದು ನಕ್ಕಳು. ನಗಲಿ. ಬರೆದೇ ತೋರಿಸುತ್ತೇನೆಂದು ಕೂತಿದ್ದೇನೆ.

ನನ್ನ ತವರು ಸಂತೇಬೆನ್ನೂರಿನ ಕಡೆ, ಕೊಟ್ಟದ್ದು ಬಿಳಿಚೋಡಿನ ಹತ್ತಿರದ ಹಳ್ಳಿಗೆ. ಎಂಬತ್ತರ ದಶಕದಲ್ಲಿ ನಮ್ಮ ಗುಡ್ಡದಲ್ಲಿ ತಾಮ್ರ ಹುಡುಕುವವರು ಬಂದು ಡೇರೆ ಹಾಕಿದರು. ಅಗೆದು ತೆಗೆದ ಬೇಡದ ಕಲ್ಲನ್ನು ಹಳ್ಳದ ಮೇಲಿನ ಇಳಿಜಾರಿನಲ್ಲಿ ಸುರಿಯುವುದು ಅವರ ಲೆಕ್ಕಾಚಾರ. ಊರಿಗೆಲ್ಲ ಕುಡಿಯಲು ಆ ಹಳ್ಳದ ಒರತೆ ಒಂದೇ. ಕಲ್ಲಿನಲ್ಲಿ ಹಿತ್ತಾಳೆಯಂತೆ ಹೊಳೆಯುವ ಕಣಗಳಿದ್ದವು. ಮಳೆಗಾಳಿಗೆ ಅವು ಹುಳಿ ಬಿಟ್ಟರೆ ನೀರು ಕೆಡುತ್ತದೆ, ಅದಕ್ಕೇ ಮೊದಲು ಪರೀಕ್ಷೆ ಎಂದರು ಅವರ ಸಾಹೇಬರು.

ಕಲ್ಲು ಕುಟ್ಟಿ, ತಳ ತೂತು ಮಾಡಿದ ಮಡಕೆಗಳಿಗೆ ತುಂಬಿ, ಸೋಮವಾರಕ್ಕೊಮ್ಮೆ ನೀರು ಹಾಕುವುದು ನನ್ನ ಕೆಲಸ. ಕೆಳಗಿಟ್ಟ ಲೋಟದಲ್ಲಿ ಸೋರಿ ಬಿದ್ದ ನೀರಿಗೆ ಸಾಹೇಬರು ನೀಲಿ ಕಾಗದದ ಚೂರು ಅದ್ದುತ್ತಿದ್ದರು. ಕೆಂಪಾದರೆ ಹುಳಿ. ಎಷ್ಟೋ ಸೋಮವಾರ ಕಳೆದರೂ ಕೆಂಪಾಗಲಿಲ್ಲ. ಕಲ್ಲಿನಿಂದ ತೊಂದರೆಯಿಲ್ಲ ಎಂದು ವರದಿ ಬರೆದರು.

ನಾನೋ, ನಾಲ್ಕು ಚೂರು ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಿದ್ದೆ. ಅತ್ತೆಯೂ ನಾನೂ ಸಿಕ್ಕಿದ್ದಕ್ಕೆಲ್ಲ ಅದ್ದಿ ನೋಡಿದೆವು. ಹುಣಸೆ ನೀರಿಗೆ ಕೆಂಪು, ಮಜ್ಜಿಗೆಗೂ ಕೆಂಪು. ಆ ಕೆಂಪು ಚೂರನ್ನೇ ಬೂದಿ ನೀರಿಗೆ ಹಾಕಿದರೆ ಮತ್ತೆ ನೀಲಿ. “ನೋಡೇ, ಬೂದಿ ಹುಳೀನ ನುಂಗಿಬಿಡ್ತು” ಎಂದರು ಅತ್ತೆ. ಆಗಲೇ ನನಗೆ ಹೊಳೆದದ್ದು. ಸಾಹೇಬರ ಲೋಟಗಳನ್ನು ನಾನು ಉಜ್ಜುತ್ತಿದ್ದದ್ದು ಒಲೆಯ ಬೂದಿಯಿಂದ. ನೀರು ದೂರದಿಂದ ತಲೆಯ ಮೇಲೆ ಬರಬೇಕಲ್ಲ, ಒಂದು ಬೊಗಸೆಯಲ್ಲಿ ಎಲ್ಲ ಲೋಟ ತೊಳೆದು ಮುಗಿಸುತ್ತಿದ್ದೆ.

ಬೆಳಿಗ್ಗೆ ಜೊತೆಗೆ ಕಲ್ಲು ಕುಟ್ಟುವವಳಿಗೆ ಹೇಳಿದೆ. “ಬಾಯಿ ಮುಚ್ಕೊಂಡಿರು ಮಾರಾಯ್ತಿ, ಕೆಲಸ ಹೋಗ್ತೈತೆ” ಎಂದಳು. ನಾನು ನೇರ ಸಾಹೇಬರ ಡೇರೆಗೆ ಹೋದೆ.

“ವರದಿ ಟೈಪಾಗಿದೆಯಮ್ಮ. ಇದೆಲ್ಲ ನಿನಗೇನು ಗೊತ್ತಾಗುತ್ತೆ?” ಎಂದರು.

“ಲೋಟ ತೊಳೆದೋಳು ನಾನ್ರೀ. ಅದೊಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತೈತೆ.”

“ಮತ್ತೆ ಮಾಡೋಕೆ ಪುರಸೊತ್ತಿಲ್ಲ.”

“ಹಂಗಾದ್ರೆ ನೀವೂ ಇಲ್ಲೇ ಸಂಸಾರ ಹೂಡ್ರಿ. ನಮ್ಮ ಮಕ್ಕಳ ಜೊತೆ ನಿಮ್ಮ ಮಕ್ಕಳೂ ಆ ಹಳ್ಳದ ನೀರು ಕುಡೀಲಿ.”

ನಾನು ತೊಳೆದಿಟ್ಟ ಲೋಟವೊಂದನ್ನು ಮೇಜಿನ ಮೇಲಿಟ್ಟು ಒಳಗೆ ಬೆರಳಾಡಿಸಿ ತೋರಿಸಿದೆ. ಬೆರಳ ತುದಿ ಬೂದು ಬಣ್ಣ. ಅವರು ಅದಕ್ಕೆ ಒಳ್ಳೆಯ ನೀರು ಹೊಯ್ದು, ಪೆಟ್ಟಿಗೆಯಿಂದ ಕೆಂಪು ಕಾಗದ ತೆಗೆದು ಅದ್ದಿದರು. ನೀಲಿಯಾಯಿತು. “ಸೋಮವಾರ ಮತ್ತೆ ಮಾಡಿ ನೋಡೋಣ” ಎಂದರು.

ಆ ಸೋಮವಾರ ಎರಡು ಕೊಡ ನೀರು ಹೆಚ್ಚಿಗೆ ಹೊತ್ತು ತಂದು, ಬೂದಿ ಮುಟ್ಟದೆ, ಪ್ರತಿ ಲೋಟವನ್ನೂ ಮೂರು ಮೂರು ಸಲ ತೊಳೆದೆ. ಹೊಳೆಯುವ ಕಲ್ಲಿದ್ದ ಮಡಕೆಗಳ ನೀರಿಗೆಲ್ಲ ಕಾಗದ ಕೆಂಪಾಯಿತು. ಸಾಹೇಬರು ವರದಿ ಹರಿದರು.

“ಮೊದಲನೇದು ಯಾಕೆ ತಪ್ಪಾಯ್ತು ಅಂತ ಬರೀರಿ. ಬೂದಿ ಹಾಕಿದೋಳು ನಾನು ಅಂತಾನೂ ಬರೀರಿ. ಇಲ್ಲಾಂದ್ರೆ ನಾಳೆ ಇನ್ಯಾರೋ ಬಂದು ಹಳೇದೇ ಸರಿ ಅಂತಾರೆ.”

“ನಿನ್ನ ಕೆಲಸಕ್ಕೇ ಕುತ್ತು ಬರುತ್ತಮ್ಮ.”

“ಬರ್ಲಿ ಬಿಡ್ರಿ.”

ಬರೆದರು. ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಸಹಿ ಹಾಕಿದೆ. ಮೇಲಿನವರು ನನ್ನನ್ನು ತೆಗೆದುಹಾಕಿದರು. ಹಳ್ಳದ ಮೇಲೆ ಮಾತ್ರ ಒಂದು ಪುಟ್ಟಿ ಕಲ್ಲೂ ಬೀಳಲಿಲ್ಲ. ಒರತೆಯಿಂದ ಬರುವಾಗ ಯಾರಾದರೂ “ಕೆಲಸ ಹೋಯ್ತಂತಲ್ಲೇ” ಎಂದು ಕೆಣಕಿದರೆ, “ಹೋಯ್ತು, ನೀರು ಕುಡೀತೀಯೇನು?” ಎಂದು ಕೊಡ ಇಳಿಸುತ್ತಿದ್ದೆ.