ತೂಕದ ಸಾಹೇಬರ ಕಂದು ಕೊಬ್ಬು

ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಮೊಹರು ಹಾಕಿದವರು ತೂಕದ ಸಾಹೇಬರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ನಿವೃತ್ತರಾದ ಮೇಲೆ ಗದರಲು ಅಂಗಡಿಯವರಿಲ್ಲದೆ ಮನೆಯವರನ್ನು ಹಿಡಿದುಕೊಂಡರು. ವಾದಿಸುವುದಕ್ಕಿಂತ ಸುಲಭ ಎಂದು ಹೆಂಡತಿ ಎಲ್ಲಕ್ಕೂ ಹೂಂಗುಟ್ಟುತ್ತಿದ್ದರು.

ಬಾಣಂತನಕ್ಕೆ ಬಂದ ಮಗಳೂ ಅವಳ ಕೂಸೂ ಮನೆಯಲ್ಲಿದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಅದು ಮನೆಗೆ ಬಂದ ವಾರವೇ ಸಾಹೇಬರು ಪತ್ರಿಕೆಯಲ್ಲಿ ಓದಿದರು: ಹಸುಗೂಸಿನ ಭುಜಗಳ ನಡುವೆ ಕಂದು ಕೊಬ್ಬಿರುತ್ತದೆ, ಚಳಿಯಾದರೆ ಅದೇ ಉರಿದು ಮೈ ಕಾಯಿಸುತ್ತದೆ. ಮುಗಿಯಿತಲ್ಲ! ಒಳಗೇ ಒಲೆ ಇರುವಾಗ ಕಂಬಳಿ, ಟೋಪಿ ಎಲ್ಲ ಹೆಂಗಸರ ಮೂಢತನ ಎಂದು ತೆಗೆಸಿ ಬದಿಗಿಡಿಸಿದರು. ಮಾಗಿಯ ಚಳಿಯಲ್ಲೂ ಕಿಟಕಿ ತೆರೆಸಿದರು. ಎಲ್ಲಿ ನಡುಗುತ್ತಿದೆ ತೋರಿಸು ಎಂದು ಹೆಂಡತಿಗೇ ಸವಾಲು. ಕೂಸು ನಡುಗಲಿಲ್ಲ. ಅಪ್ಪ ಓದಿಕೊಂಡವರು ಎಂದು ಮಗಳೂ ನಂಬಿದಳು.

ದಿನಾ ಬೆಳಿಗ್ಗೆ ಹೆಂಡತಿ ಕೂಸನ್ನು ಮನೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ಮಲಗಿಸಬೇಕು, ಸಾಹೇಬರು ಮುಳ್ಳು ನೋಡಬೇಕು. ಹಾಲು ಚೆನ್ನಾಗಿಯೇ ಕುಡಿಯುತ್ತಿದ್ದ ಕೂಸಿನ ತೂಕ ಇಳಿಯುತ್ತಲೇ ಹೋಯಿತು. ಐದನೆಯ ದಿನ ಸಾಹೇಬರು ತಕ್ಕಡಿ ಬಿಚ್ಚಿ ಸ್ಪ್ರಿಂಗಿಗೆ ಎಣ್ಣೆ ಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಪಾದ ತಣ್ಣಗಿರುವುದು ಹೆಂಡತಿಯ ಕೈಗೆ ತಿಳಿದಿತ್ತು. ತಿಳಿದೂ ಹೂಂ ಎಂದಿದ್ದರು, ಆ ಪಾಪ ಅವರದೇ. ಆರನೆಯ ದಿನ ಕೂಸಿಗೆ ಅಳಲೂ ತ್ರಾಣವಿರಲಿಲ್ಲ. ಹೆಂಡತಿ ಗಂಡನನ್ನು ಒಂದು ಮಾತೂ ಕೇಳದೆ ಕೂಸನ್ನು ಎದೆಗವಚಿಕೊಂಡು, ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು.

ಅಲ್ಲಿಯ ನರ್ಸ್ ಇಬ್ಬರಿಗೂ ಚೆನ್ನಾಗಿ ಬೈದಳು. ಇಷ್ಟು ಎಳೆಯ ಕೂಸುಗಳು ಚಳಿಗೆ ನಡುಗುವುದಿಲ್ಲ. ಕಂದು ಕೊಬ್ಬೇನೋ ಉಂಟು, ಆದರೆ ಒಲೆಗೆ ಸೌದೆ ಬೇಡವೇ? ಕುಡಿದ ಹಾಲೆಲ್ಲ ಅದರಲ್ಲೇ ಉರಿದು ಹೋಗಿತ್ತು, ಮೈಗೆ ಏನೂ ಹತ್ತಿರಲಿಲ್ಲ. ಅವಸರದಲ್ಲಿ ಹುಟ್ಟಿದ ಕೂಸಿಗೆ ಆ ಕೊಬ್ಬೂ ಚಿಟಿಕೆಯಷ್ಟೇ.

"ಇನ್ನೆರಡು ದಿನ ಬಿಟ್ಟಿದ್ರೆ ನೀವು ಬರೋದೇ ಬೇಕಿರ್ಲಿಲ್ಲ," ಅಂದಳು.

ವಾರ ಕಳೆದು ಕೂಸು ಬೆಚ್ಚಗೆ ಮನೆಗೆ ಬಂತು. ಸಾಹೇಬರು ತಕ್ಕಡಿ ಒರೆಸಿಟ್ಟುಕೊಂಡು ಕಾದಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಎಣ್ಣೆ ಬಿಟ್ಟದ್ದು ಒಳ್ಳೆಯದಾಯಿತು, ಇವತ್ತು ಸರಿಯಾದ ತೂಕ ಬರುತ್ತದೆ ಎಂದರು.

ಮಗಳು ಕೂಸನ್ನು ಅವರ ಮುಂದೆ ಹಿಡಿದಳು.

"ತೂಕ ಬೇಡ ಅಪ್ಪ, ಎತ್ಕೊಳ್ಳಿ. ಆವತ್ತೇ ಒಂದ್ಸಲ ಎತ್ಕೊಂಡಿದ್ರೆ ನಿಮ್ಗೇ ಗೊತ್ತಾಗ್ತಿತ್ತು."

ಮೂರು ಮಕ್ಕಳ ತಂದೆ ಎರಡೂ ಕೈ ಚಾಚಿ ನಿಂತರು. ಕತ್ತಿನಡಿ ಯಾವ ಕೈ, ಬೆನ್ನಿನಡಿ ಯಾವ ಕೈ, ತಿಳಿಯಲಿಲ್ಲ. ಹೆಂಡತಿ ಹೇಳಿಕೊಡಲು ಹೋಗಲಿಲ್ಲ.