ಹಾಸಿಗೆಗಳ ನಡುವೆ ಒಂದು ಕ್ಯಾಸೆಟ್

ಸಿನಿಮಾದಲ್ಲಾದರೆ ಹೀರೋ ಎಂಟ್ರಿಗೆ ಗಾಳಿ ಬೀಸಬೇಕು, ಕೂದಲು ಹಾರಬೇಕು. ಇಲ್ಲಿ ಇರುವ ಒಂದೇ ಫ್ಯಾನನ್ನೂ ಆಫ್ ಮಾಡಲಾಗಿದೆ. ಪಾಣೆಮಂಗಳೂರಿನ ಹಾಸಿಗೆ ಅಂಗಡಿಯಲ್ಲಿ, ಗೋಡೆಗೆ ಒರಗಿಸಿಟ್ಟ ಹನ್ನೆರಡು ಹತ್ತಿ ಹಾಸಿಗೆಗಳ ನಡುವೆ, ಬನಿಯನ್ ತೊಟ್ಟ ಅಬ್ದುಲ್ ಶುಕೂರ್ ಮೈಕಿನ ಮುಂದೆ ಬೆವರುತ್ತಿದ್ದಾರೆ. ನಸುಕಿನ ಸುಬಹಿ ನಮಾಝ್ ಮುಗಿದಿದೆ. ಮೊದಲ ಬಸ್ಸು ಸೇತುವೆ ಮೇಲೆ ಹಾರ್ನ್ ಹೊಡೆಯಲು ಇನ್ನು ಮುಕ್ಕಾಲು ಗಂಟೆ. ಅಷ್ಟರೊಳಗೆ ಹಾಡು ಮುಗಿಯಬೇಕು.

"ಹಾಸಿಗೆ ಶಬ್ದ ಕುಡೀತದೆ. ದೊಡ್ಡ ಸ್ಟುಡಿಯೋದಲ್ಲಿ ಗೋಡೆಗೆ ಎಂಥದೋ ಅಂಟಿಸ್ತಾರಲ್ಲ, ಅದಕ್ಕಿಂತ ಒಳ್ಳೇದುಂಟು. ಸುಸ್ತಾದ್ರೆ ಮಲಗ್ಲಿಕ್ಕೂ ಆಗ್ತದೆ."

ನಲವತ್ತೊಂದರ ಶುಕೂರ್ ಹಗಲಿಡೀ ಹಾಸಿಗೆ ಹೊಲಿಯುವುದೂ ಇಲ್ಲೇ. ದಿನಕ್ಕೆ ಮೂರು, ದಿಂಬಾದರೆ ಹದಿನೈದು. ಹತ್ತಿಯ ಧೂಳು ಗಂಟಲಿಗೆ ಖಡಕ್ ವಿಲನ್. ಹಾಗಾಗಿ ಮೂಗು, ಬಾಯಿಗೆ ಒದ್ದೆ ಬೈರಾಸು, ಅಂದರೆ ಟವೆಲ್ಲು, ಕಟ್ಟಿಕೊಂಡೇ ಕೆಲಸ. 1991ರಿಂದ ಈ ಹದಿಮೂರು ವರ್ಷಗಳಲ್ಲಿ ಕರಾವಳಿ ಮುಸ್ಲಿಮರ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಅವರು ಬರೆದು ಹಾಡಿದ ಮದುವೆ ಹಾಡುಗಳು ನಾನೂರು ದಾಟಿವೆ. ಆದರೂ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಮದುವೆ ಹಾಡೆಂದರೆ ವಧು, ವರ, ಅಜ್ಜ, ದುಬೈ ಮಾಮ, ಮಸ್ಕತ್ ಮಾಮ ಎಲ್ಲರ ಹೆಸರೂ ಬರಲೇಬೇಕು. ಹಾಡಿದವನದ್ದು ಯಾರಿಗೆ ಬೇಕು?

1998ರಲ್ಲಿ ಪುಂಜಾಲಕಟ್ಟೆಯ ಮದುವೆಯೊಂದರಲ್ಲಿ ಒಬ್ಬ ಮಾಮನ ಹೆಸರು ತಪ್ಪಿಹೋಯಿತು. ಪಟ್ಟಿ ಕೊಟ್ಟವರೇ ಮರೆತಿದ್ದರು. ಮಾಮ ಊಟ ಬಿಟ್ಟು ಎದ್ದರು.

"ಬಿರಿಯಾನಿ ಬಡಿಸುವವ ಸೌಟು ಹಿಡ್ಕೊಂಡು ನಿಂತಿದ್ದಾನೆ, ಮದುಮಗ ನನ್ನನ್ನೇ ನೋಡ್ತಾನೆ. ನಿಂತಲ್ಲೇ ಎರಡು ಸಾಲು ಕಟ್ಟಿ ಹಾಡಿದೆ. ಮಾಮ ಗೇಟಿಂದ ವಾಪಸ್ ಬಂದ್ರು. 'ಇನ್ನೊಮ್ಮೆ' ಅಂದ್ರು. ಮೂರು ಸಲ ಹಾಡ್ಸಿದ್ರು ಮಾರಾಯ್ರೆ!"

ಈಗ ಶುಕೂರ್ ಹಠ ಹಿಡಿದಿರುವುದು ಯಾವ ಮಾಮನೂ ಇಲ್ಲದ ಎಂಟು ಹಾಡುಗಳ ಕ್ಯಾಸೆಟ್ಟಿಗೆ. ಮರಳು ದೋಣಿ, ಗಲ್ಫ್ ಫೋನಿಗೆ ಕಾಯುವ ಹುಡುಗಿ, ಹಾಸಿಗೆ ಹೊಲಿಯುವವನ ನಿದ್ದೆ, ಎಲ್ಲ ಅವರದೇ ಮಾತು, ಅವರದೇ ರಾಗ. ಏಳು ಹಾಡು ಆಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿ ಐದು ಕ್ಯಾಸೆಟ್ ಅಂಗಡಿಗಳಲ್ಲಿ ಕೇಳಿಸಿದರು. ಐವರದೂ ಒಂದೇ ಪ್ರಶ್ನೆ: "ಇದು ಯಾರ ಮದುವೆಯದ್ದು?" ಮಲಯಾಳದಲ್ಲಿ ಹಾಡಿದರೆ ಮಾರಾಟಕ್ಕೆ ಇಡುವ ಎಂದರಂತೆ ಒಬ್ಬರು.

"ನಾನು ಹೆಂಡತಿ ಹತ್ರ ಜಗಳ ಮಾಡುವುದು ಬ್ಯಾರಿಯಲ್ಲಿ. ಪ್ರೀತಿಗೆ ಮಾತ್ರ ಮಲಯಾಳ ಯಾಕೆ?"

ಚಾ ತಂದ ಹೆಂಡತಿ ನಬೀಸಾ ಬಿಡುತ್ತಾರೆಯೇ? "ಪ್ರೀತಿಯಂತೆ! ಹದಿನೆಂಟು ವರ್ಷ ಆಯ್ತು, ನನ್ನ ಹೆಸರಲ್ಲಿ ಒಂದು ಸಾಲು ಬರ್ದಿದ್ದಾರಾ ಕೇಳಿ."

"ನಿನ್ನ ಹೆಸರು ಹಾಕಿದ್ರೆ ಪುನಃ ಮದುವೆ ಹಾಡಾಗ್ತದೆ ಮಾರಾಯ್ತಿ!"

ಎರಡು ಸಲ ಕೆಮ್ಮು ಬಂದು ಎಂಟನೇ ಹಾಡು ಕೆಟ್ಟಿದೆ. ಮೆಲ್ಕಾರಿನಿಂದ ಕೀಬೋರ್ಡ್, ಟೇಪ್ ರೆಕಾರ್ಡರ್ ಹೊತ್ತು ತಂದ ರುಕ್ಮಯ್ಯ ಗಡಿಯಾರ ನೋಡುತ್ತಾರೆ.

"ಶುಕೂರಾಕ, ನಾಳೆ ಮಾಡುವ."

"ಇಲ್ಲ ರುಕ್ಮಯ್ಯಣ್ಣ. ಇವತ್ತೇ. ಒತ್ತಿ."

ಮೂರನೇ ಸಲ ಶುಕೂರ್ ಕಣ್ಣು ಮುಚ್ಚಿ ಹಾಡುತ್ತಾರೆ. ಕೊನೆಯ ಸಾಲಿಗೆ ಧ್ವನಿ ಒಡೆಯುತ್ತದೆ, ಆದರೆ ನಿಲ್ಲುವುದಿಲ್ಲ. ರುಕ್ಮಯ್ಯ ಹೆಬ್ಬೆಟ್ಟು ಎತ್ತುತ್ತಾರೆ.

ಕ್ಯಾಸೆಟ್ ಎಲ್ಲಿ ಇಡುವುದು? ಅಂಗಡಿ ಧಣಿ ಅಬೂಬಕ್ಕರ್ ಒಪ್ಪಿದ್ದಾರೆ: ಒಂದು ಹಾಸಿಗೆಯ ಜೊತೆ ಒಂದು ಕ್ಯಾಸೆಟ್.

ಶುಕೂರ್ ಬೈರಾಸು ಒದ್ದೆ ಮಾಡಿ ಹಿಂಡುತ್ತಾ ಹೇಳುತ್ತಾರೆ: "ಮದುವೆ ಇಲ್ಲ, ಮುಂಜಿ ಇಲ್ಲ, ಸುಮ್ಮನೆ ಒಂದು ಮಂಗಳವಾರ. ಕೆಲಸ ಮುಗಿಸಿ ಬಂದವ ಒಬ್ಬ ನನ್ನ ಹಾಡು ಹಾಕಿ ಮಲಗ್ಬೇಕು. ಅಷ್ಟು ಸಾಕು."